ಅಮ್ಮನ ಹೆಸರಿನ ಚೀಟಿ

ನಮ್ಮ ಮನೆಯಲ್ಲಿ ಆ ವರ್ಷವನ್ನು ‘ಅಮ್ಮನಿಗೆ ಹುಷಾರಿಲ್ಲದ ವರ್ಷ’ ಎಂದು ಕರೆಯುವ ರೂಢಿಯಿದೆ. ಫ್ರಿಜ್ ತಂದದ್ದು ಯಾವಾಗ ಎಂದು ಕೇಳಿದರೆ ಅಪ್ಪ ಈಗಲೂ, ನಿಮ್ಮಮ್ಮನಿಗೆ ಹುಷಾರಿರಲಿಲ್ಲವಲ್ಲ, ಅದರ ಹಿಂದಿನ ವರ್ಷ ಎನ್ನುತ್ತಾರೆ. ಅವರ ದನಿಯಲ್ಲಿ ಯಾವ ಅಳುಕೂ ಇರುವುದಿಲ್ಲ. ಹೇಳಿ ಹೇಳಿ ಅವರಿಗೆ ಅದೇ ನಿಜವಾಗಿರಬೇಕು.

ಹುಷಾರಿಲ್ಲದೆ ಇದ್ದದ್ದು ನನಗೆ. ಇಷ್ಟನ್ನು ಬರೆಯುವುದಕ್ಕೂ ನನಗೆ ಧೈರ್ಯ ಬೇಕಾಗುತ್ತದೆ, ಯಾಕೆಂದರೆ ಮನೆಯ ಮೂವರಲ್ಲಿ ಇಬ್ಬರು ಬೇರೆ ರೀತಿ ನೆನಪಿಟ್ಟುಕೊಂಡಿದ್ದಾರೆ. ಕಾಲೇಜಿಗೆ ಸೇರಿದ ಮೇಲೆ ನಾನು ದಿನಚರಿ ಬರೆಯತೊಡಗಿದೆ. ಅದರಲ್ಲಿ ಆ ವರ್ಷದ ಬಗ್ಗೆ ಇರುವುದೆಲ್ಲ ತಾಯಿಯ ಮೇಲೆ ಸಿಟ್ಟಾಗಿದ್ದ ಹುಡುಗಿಯೊಬ್ಬಳು ಆಮೇಲೆ ಬರೆದದ್ದು. ಆ ಹುಡುಗಿಯ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಇಲ್ಲಿ ನನಗೆ ಗಟ್ಟಿಯಾಗಿ ಗೊತ್ತಿರುವುದನ್ನು ಬರೆಯುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ.

ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿದ್ದರು. ನಾನು ಚಿಕ್ಕವಳಿದ್ದಾಗಲೇ ತುಮಕೂರಿನಿಂದ ದಿಲ್ಲಿಗೆ ಬಂದಿದ್ದೆವು. ಲೋಧಿ ಕಾಲೋನಿಯ ಹಳೆಯ ಸರ್ಕಾರಿ ಮನೆಗಳಲ್ಲಿ ನೆಲಮಹಡಿಯ ಒಂದು ನಮ್ಮದು. ಮೇಲಿನ ಮನೆಯಲ್ಲಿ ಇನ್ನೊಂದು ಕನ್ನಡದ ಕುಟುಂಬ. ಆ ಮನೆಯ ಯಜಮಾನರೂ ಅಪ್ಪನ ಸಚಿವಾಲಯದವರೇ. ಅವರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಒಗ್ಗರಣೆ ಸೀದರೆ ಅವರಿಗೆ ಗೊತ್ತಾಗುತ್ತಿತ್ತು, ಅವರ ಮನೆಯಲ್ಲಿ ಜಗಳವಾದರೆ ನಮಗೆ ಗೊತ್ತಾಗುತ್ತಿತ್ತು.

ಹತ್ತನೇ ತರಗತಿಯ ಬೇಸಿಗೆ ರಜೆಯಲ್ಲಿ ನನ್ನ ಎಡಗೈ ತಲೆಗೆ ಹೋಗಲು ಶುರುವಾಯಿತು. ಪುಸ್ತಕ ಹಿಡಿದು ಕೂತಾಗ ಬೆರಳುಗಳು ತಾವಾಗಿ ಮೇಲೆ ಹೋಗಿ, ಎಳೆಗಳ ನಡುವೆ ಒರಟಾದ ಒಂದನ್ನು ಹುಡುಕಿ, ಬುಡದಿಂದ ಕಿತ್ತು ತರುತ್ತಿದ್ದವು. ಬುಡದಲ್ಲೊಂದು ಬಿಳಿ ಚುಕ್ಕಿ ಇರುತ್ತಿತ್ತು. ಅದನ್ನು ನೋಡಿದ ಕ್ಷಣ ಎದೆಯೊಳಗೆ ಏನೋ ಸಡಿಲವಾಗುತ್ತಿತ್ತು. ಆಮೇಲೆ ಹೇಸಿಗೆ. ಆಮೇಲೆ ಮತ್ತೆ ಕೈ. ಯಾಕೆ ಎಂದು ಆಗಲೂ ಗೊತ್ತಿರಲಿಲ್ಲ, ಈಗ ಗೊತ್ತಿದೆ ಎಂದರೆ ಅದು ಆಮೇಲೆ ಓದಿ ಸೇರಿಸಿದ ಜ್ಞಾನ. ನೆತ್ತಿಯ ಎಡಭಾಗದಲ್ಲಿ ನಾಣ್ಯದಷ್ಟಿದ್ದ ಬೋಳು ಚಳಿಗಾಲದ ಹೊತ್ತಿಗೆ ಪೂರಿಯಷ್ಟಾಗಿತ್ತು.

ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗರು ‘ಏ ಗಂಜೀ’ ಎಂದು ಕರೆಯತೊಡಗಿದರು. ಹಿಂದಿಯಲ್ಲಿ ಬೋಳುತಲೆಯವಳು ಎಂದರ್ಥ. ಕ್ಲಾಸ್ ಟೀಚರ್ ಅದನ್ನು ಹುಳುಕಡ್ಡಿ ಎಂದುಕೊಂಡು ನನ್ನನ್ನು ಒಂಟಿ ಬೆಂಚಿನಲ್ಲಿ ಕೂರಿಸಿದರು, ಅಂಟುರೋಗವಲ್ಲ ಎಂದು ಡಾಕ್ಟರರಿಂದ ಬರೆಸಿಕೊಂಡು ಬಾ ಎಂದರು. ಅಮ್ಮ ಕಾಲೋನಿಯ ಸರ್ಕಾರಿ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದಳು. ಅಲ್ಲಿನ ಲೇಡಿ ಡಾಕ್ಟರ್ ಟಾರ್ಚ್ ಹಿಡಿದು ನೋಡಿ, ಚರ್ಮಕ್ಕೇನೂ ಆಗಿಲ್ಲ, ಇವಳೇ ಕೀಳುತ್ತಿದ್ದಾಳೆ, ದೊಡ್ಡ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಚೀಟಿ ಬರೆದುಕೊಡುತ್ತೇನೆ ಎಂದರು. ಅಮ್ಮ ಚೀಟಿ ಬರೆಯಲು ಬಿಡಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೊರಗೆ ಬಂದಳು. ಗೇಟಿನ ಹತ್ತಿರ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬೇರೆ ಮಕ್ಕಳಿಗೆ ಕನ್ನಡಕ ಬರುತ್ತೆ. ನಿನಗೆ ಇದು ಬಂತಾ?” ಎಂದಳು.

ಆ ಚೀಟಿಗೆ ಅಮ್ಮ ಯಾಕೆ ಅಷ್ಟು ಹೆದರಿದಳು ಎಂದು ತಿಳಿಯಬೇಕಾದರೆ ಡಿಸ್ಪೆನ್ಸರಿಯ ರೀತಿ ಗೊತ್ತಿರಬೇಕು. ಸರ್ಕಾರಿ ನೌಕರರ ಮನೆಯ ಪ್ರತಿಯೊಬ್ಬರಿಗೂ ಕಾರ್ಡ್ ಇತ್ತು. ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಡಿಸ್ಪೆನ್ಸರಿಯ ಚೀಟಿ ಬೇಕು, ಅಲ್ಲಿ ಬರೆದುಕೊಟ್ಟ ಮಾತ್ರೆಯನ್ನು ಮತ್ತೆ ಡಿಸ್ಪೆನ್ಸರಿಯ ಕಿಟಕಿಯಲ್ಲೇ ತೆಗೆದುಕೊಳ್ಳಬೇಕು. ಕಿಟಕಿಯವನು ಹೆಸರನ್ನೂ ವಿಭಾಗವನ್ನೂ ಗಟ್ಟಿಯಾಗಿ ಕೂಗುತ್ತಿದ್ದ. ಬೆಂಚಿನ ಮೇಲೆ ಕೂತವರೆಲ್ಲ ಒಂದೇ ಕಾಲೋನಿಯವರು, ಅವರ ಗಂಡಂದಿರು ಒಂದೇ ಕಾರಿಡಾರಿನಲ್ಲಿ ಕೆಲಸ ಮಾಡುವವರು. ಖಾಸಗಿ ಡಾಕ್ಟರರ ಬಳಿಗೆ ಹೋಗುವುದು ಅಪ್ಪನ ಸಂಬಳಕ್ಕೆ ಮೀರಿದ ಮಾತಾಗಿತ್ತು.

ಮೇಲಿನ ಆಂಟಿ ಹಿಂದೊಮ್ಮೆ ನಮ್ಮ ಅಡುಗೆಮನೆಯಲ್ಲಿ ಕೂತು ಒಂದು ಸಂಬಂಧ ಮುರಿದುಹೋದ ಕತೆ ಹೇಳಿದ್ದರು. ಹುಡುಗಿ ನಮ್ಮ ಕಡೆಯವಳೇ, ಇನ್ನೊಂದು ಸರ್ಕಾರಿ ಕಾಲೋನಿಯಲ್ಲಿದ್ದವಳು. ಎಲ್ಲ ಮಾತುಕತೆ ಮುಗಿದ ಮೇಲೆ ಗಂಡಿನ ಕಡೆಯವರು ಹಿಂದೆ ಸರಿದರಂತೆ. ಅವಳು ನಿದ್ದೆ ಬರುವುದಿಲ್ಲ ಎಂದು ಒಂದು ಸಲ ಮನೋರೋಗ ವಿಭಾಗಕ್ಕೆ ಹೋಗಿದ್ದದ್ದು ಯಾರ ಬಾಯಿಂದಲೋ ತಲುಪಿತ್ತು. “ಎಂಎಸ್ಸಿ ಓದಿದ್ದಾಳೆ, ಹಾಲಿನಂಥ ಬಣ್ಣ. ಏನು ಬಂತು? ಕಾರ್ಡಲ್ಲಿ ಬಂದುಬಿಡ್ತಲ್ಲ” ಎಂದು ಆಂಟಿ ನಗುತ್ತಾ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡಿದ್ದರು. ಅಮ್ಮನೂ ನಕ್ಕಿದ್ದಳು. ಅಮ್ಮ ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

ಹಾಗಾಗಿ ಚೀಟಿಯಿಲ್ಲದ ಚಿಕಿತ್ಸೆ ಮನೆಯಲ್ಲಿ ಶುರುವಾಯಿತು. ಹರಳೆಣ್ಣೆ, ಈರುಳ್ಳಿ ರಸ, ಬೆರಳ ತುದಿಗೆ ಅರೆದ ಬೇವಿನ ಸೊಪ್ಪು. ಕೆಲಸ ಮಾಡದಿದ್ದಾಗ ಹಳೆಯ ಸೀರೆಯ ಅಂಚನ್ನು ಹರಿದು ನನ್ನ ಎಡಗೈಯನ್ನು ಕುರ್ಚಿಗೆ ಕಟ್ಟುತ್ತಿದ್ದಳು. ಬಲಗೈಯಲ್ಲಿ ಪುಟ ತಿರುಗಿಸಬಹುದಿತ್ತು. ನಾನು ಬಲಗೈಯಲ್ಲಿ ಕೀಳುವುದನ್ನು ಕಲಿತೆ. ಅದು ಗೊತ್ತಾದ ದಿನ ಅಮ್ಮ ನನ್ನ ತಲೆಯನ್ನು ಗೋಡೆಯ ಕನ್ನಡಿಗೆ ತಿರುಗಿಸಿ ಹಿಡಿದು, “ನೋಡಿಕೋ. ಬೋಳಿ. ನಿನ್ನ ಕೈಯಾರ ಆದ ಬೋಳಿ” ಎಂದಳು. ಗಂಡ ಸತ್ತ ಹೆಂಗಸಿಗೆ ತಲೆ ಬೋಳಿಸುತ್ತಿದ್ದ ಕಾಲದ ಬೈಗುಳ ಅದು. ಅವಳ ಅಜ್ಜಿಗೆ ಯಾರೋ ಹಾಗೆ ಬೋಳಿಸಿದ್ದರಂತೆ, ಆ ಅಜ್ಜಿಯ ಮುಂದೆ ಮನೆಯಲ್ಲಿ ಯಾರೂ ಆ ಪದ ಎತ್ತುತ್ತಿರಲಿಲ್ಲವಂತೆ. ನನ್ನ ಮುಂದೆ ಎತ್ತಬಹುದಿತ್ತು. ಅಪ್ಪ ಪಕ್ಕದ ಕೋಣೆಯಲ್ಲಿ ಟೀವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿದರು. ಕೇಳುವವರಿಗೆಲ್ಲ, ಟೈಫಾಯ್ಡ್ ಆಗಿತ್ತು, ಕೂದಲು ಉದುರಿತು ಎಂದು ಹೇಳುವುದೆಂದು ತೀರ್ಮಾನವಾಗಿತ್ತು.

ಬೋರ್ಡ್ ಪರೀಕ್ಷೆಗೆ ಮುಂಚಿನ ಶಾಲಾ ಪರೀಕ್ಷೆಯಲ್ಲಿ ನಾನು ಫೇಲಾದೆ. ಅದೇ ದಿನಗಳಲ್ಲಿ ಕೈ ಹುಬ್ಬಿಗೆ ಇಳಿಯಿತು. ತಲೆಗೆ ಟೋಪಿ ಹಾಕಬಹುದು, ಹುಬ್ಬಿಗೆ ಏನು ಹಾಕುವುದು?

ಒಂದು ಸಂಜೆ ಅಪ್ಪ ಕಚೇರಿಯಿಂದ ಬಂದು ಚಹಾ ಕುಡಿಯುವಾಗ ಅಮ್ಮ ಹೇಳಿದಳು: “ರೀ, ನನ್ನ ಹೆಸರಲ್ಲಿ ಚೀಟಿ ಬರೆಸ್ತೀನಿ.”

“ನಿನಗೇನಾಗಿದೆ?”

“ಅವಳಿಗೆ ಆಗಿರೋದೆಲ್ಲ ನನಗೆ ಆಗಿದೆ ಅಂತೀನಿ. ಈ ವಯಸ್ಸಲ್ಲಿ ಹೆಂಗಸರಿಗೆ ಏನೇನೋ ಆಗುತ್ತೆ, ಯಾರೂ ಕೇಳಲ್ಲ. ಮಾತ್ರೆ ತಂದು ಅವಳಿಗೆ ಕೊಡೋದು. ನನಗೆ ಮದುವೆ ಆಗಿ ಮುಗಿದಿದೆ, ಇನ್ನು ಯಾರು ನನ್ನ ಬೇಡ ಅನ್ನೋರು?”

“ನಾನಿದ್ದೀನಲ್ಲ” ಎಂದರು ಅಪ್ಪ. ಇಬ್ಬರೂ ನಕ್ಕರು. ನಾನು ಅದೇ ಕೋಣೆಯಲ್ಲಿ ಕುರ್ಚಿಗೆ ಕಟ್ಟಿಸಿಕೊಂಡು ಕೂತಿದ್ದೆ. ಮನೆಗೆ ಗ್ಯಾಸ್ ಸಿಲಿಂಡರ್ ತರುವ ಮಾತಿನಷ್ಟು ಸಲೀಸಾಗಿ ಅದು ಮುಗಿಯಿತು. ಅವರು ನನ್ನನ್ನು ಏನೂ ಕೇಳಲಿಲ್ಲ.

ಆ ಲೇಡಿ ಡಾಕ್ಟರ್ ರಜೆಯಲ್ಲಿದ್ದ ದಿನ ನೋಡಿ ಅಮ್ಮ ಡಿಸ್ಪೆನ್ಸರಿಯಲ್ಲಿ ತನ್ನ ಹೆಸರಿಗೆ ಚೀಟಿ ಬರೆಸಿಕೊಂಡಳು. ಆದರೆ ಒಂದು ತೊಡಕಿತ್ತು. ಅಮ್ಮನ ಹಿಂದಿ ತರಕಾರಿಯವನಿಗೆ ಸಾಲುತ್ತಿತ್ತು, ಡಾಕ್ಟರರಿಗೆ ಸಾಲುತ್ತಿರಲಿಲ್ಲ. ಅಪ್ಪ ರಜೆ ಹಾಕಿ ಮನೋರೋಗ ವಿಭಾಗಕ್ಕೆ ಬರುವುದಿಲ್ಲ ಎಂದರು. ಕೊನೆಗೆ ಅಮ್ಮನ ಮಾತನ್ನು ಹಿಂದಿಗೆ ತಿರುಗಿಸಲು ನಾನೇ ಹೋಗಬೇಕಾಯಿತು.

ಹೊರಡುವ ಮುಂಚೆ ಅಮ್ಮ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕಾಡಿಗೆ ಪೆನ್ಸಿಲಿನಿಂದ ಇಲ್ಲದ ಹುಬ್ಬನ್ನು ಒಂದೊಂದೇ ಎಳೆಯಾಗಿ ಬಿಡಿಸಿದಳು. ಅವಳ ಕೈ ತುಂಬ ಸೂಕ್ಷ್ಮವಾಗಿತ್ತು. ಉಸಿರು ನನ್ನ ಮುಖಕ್ಕೆ ತಾಕುತ್ತಿತ್ತು. ಆ ವರ್ಷದಲ್ಲಿ ಅಮ್ಮ ನನ್ನನ್ನು ನೋಯಿಸದೆ ಮುಟ್ಟಿದ ನೆನಪು ಅದೊಂದೇ. ಮುಗಿದ ಮೇಲೆ, “ಡಾಕ್ಟರ ಮುಂದೆ ಮುಖ ಒರೆಸಿಕೊಂಡರೆ ಅಲ್ಲೇ ಬಾರಿಸ್ತೀನಿ” ಎಂದಳು.

ದೊಡ್ಡ ಆಸ್ಪತ್ರೆಯ ಡಾಕ್ಟರ್ ಮಧ್ಯವಯಸ್ಸಿನವರು. ಮೇಜಿನ ಸುತ್ತ ನಾಲ್ಕಾರು ವಿದ್ಯಾರ್ಥಿಗಳು ನಿಂತಿದ್ದರು. ಅಮ್ಮ ರೋಗಿಯ ಸ್ಟೂಲಿನಲ್ಲಿ ಕೂತಳು, ನಾನು ಶಾಲೆಯ ಸ್ವೆಟರ್, ಉಣ್ಣೆ ಟೋಪಿ ಹಾಕಿಕೊಂಡು ಅವಳ ಪಕ್ಕದಲ್ಲಿ ನಿಂತೆ. ಏನು ತೊಂದರೆ ಎಂದು ಅವರು ಕೇಳಿದರು.

“ಓದೋಕೆ ಕೂತರೆ ಕೈ ತಲೆಗೆ ಹೋಗುತ್ತೆ ಅನ್ನು” ಎಂದಳು ಅಮ್ಮ. ತಕ್ಷಣ, “ಓದೋಕೆ ಅನ್ನಬೇಡ. ಟೀವಿ ನೋಡೋಕೆ ಕೂತರೆ ಅನ್ನು.”

ಮಮ್ಮಿ ಟೀವಿ ನೋಡಲು ಕೂತಾಗ ಅವರ ಕೈ ತಲೆಗೆ ಹೋಗುತ್ತದೆ, ಕೂದಲು ಕೀಳುತ್ತಾರೆ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಡಾಕ್ಟರ್ ಒಂದೊಂದೇ ಪ್ರಶ್ನೆ ಕೇಳತೊಡಗಿದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಅಮ್ಮ ಅದೇ ಪ್ರಶ್ನೆಯನ್ನು ನನಗೇ ಮೆಲ್ಲಗೆ ಕೇಳುತ್ತಿದ್ದಳು. ನಾನು ಅವಳಿಗೆ ಉತ್ತರ ಹೇಳುತ್ತಿದ್ದೆ. ಅವಳು ಅದನ್ನೇ ಗಟ್ಟಿಯಾಗಿ ಕನ್ನಡದಲ್ಲಿ ಡಾಕ್ಟರರತ್ತ ತಿರುಗಿ ಹೇಳುತ್ತಿದ್ದಳು. ನಾನು ಮತ್ತೆ ಹಿಂದಿ ಮಾಡುತ್ತಿದ್ದೆ. ವಿದ್ಯಾರ್ಥಿಗಳಿಗೆ ತಾಯಿ ಮಗಳ ಈ ಗುಸುಗುಸು ತಮಾಷೆಯಾಗಿ ಕಂಡಿರಬೇಕು.

ಕೀಳುವ ಮೊದಲು ಹೇಗನ್ನಿಸುತ್ತದೆ, ಕಿತ್ತ ಮೇಲೆ ಹೇಗನ್ನಿಸುತ್ತದೆ ಎಂದು ಅವರು ಕೇಳಿದರು. ಅಲ್ಲಿಯವರೆಗೆ ಯಾರೂ ನನಗೆ ಅದನ್ನು ಕೇಳಿರಲಿಲ್ಲ. ಅವರು ಅಮ್ಮನ ಮುಖ ನೋಡಿ ಕೇಳುತ್ತಿದ್ದರು. ನಾನು ಅಮ್ಮನಿಗೆ ಕಾಯದೆ ಹಿಂದಿಯಲ್ಲಿ ಹೇಳುತ್ತಾ ಹೋದೆ. ಬಿಳಿ ಚುಕ್ಕಿಯ ವಿಷಯ, ಎದೆ ಸಡಿಲವಾಗುವ ವಿಷಯ, ಆಮೇಲಿನ ಹೇಸಿಗೆ. ಎಲ್ಲವನ್ನೂ ‘ಮಮ್ಮಿಗೆ ಹೀಗಾಗುತ್ತದೆ’ ಎಂದೇ ಹೇಳಿದೆ. ಅಮ್ಮ ನನ್ನ ಮೊಣಕೈ ಹಿಂಡಿದಳು. “ನಾನು ಬಾಯೇ ತೆಗೆದಿಲ್ಲ, ನೀನು ಇಷ್ಟುದ್ದ ಹೇಳ್ತಿದ್ದೀಯಲ್ಲ?”

ಬದುಕುವುದೇ ಬೇಡ ಎಂದು ಯಾವಾಗಲಾದರೂ ಅನ್ನಿಸಿದೆಯೇ ಎಂದು ಡಾಕ್ಟರ್ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಅಮ್ಮನಿಗೆ ಹೇಳಿದೆ. ಈ ಒಂದು ಪ್ರಶ್ನೆಯನ್ನು ಅಮ್ಮ ನನಗೆ ವಾಪಸು ಕೇಳಲಿಲ್ಲ.

“ಇಲ್ಲ ಅನ್ನು” ಎಂದಳು.

“ನಹೀಂ” ಎಂದೆ.

ಡಾಕ್ಟರ್ ತಲೆ ತೋರಿಸಿ ಎಂದರು. ಅಮ್ಮನ ಕೂದಲು ಕಾಲೋನಿಯಲ್ಲೇ ಹೆಸರುವಾಸಿ. ಬಿಚ್ಚಿದರೆ ಸೊಂಟದ ಕೆಳಗೆ ಬರುತ್ತಿತ್ತು. ಅವಳು ತುರುಬಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಇವತ್ತು ಎಣ್ಣೆ ಹಚ್ಚಿದೀನಿ, ಬೇಡ ಅನ್ನು ಎಂದಳು. ಆ ದಪ್ಪ ತುರುಬನ್ನು ನೋಡಿ ಒಬ್ಬ ವಿದ್ಯಾರ್ಥಿನಿ ತುಟಿ ಕಚ್ಚಿ ನಗು ತಡೆದಳು. ಒಂದು ಗಜ ದೂರದಲ್ಲಿ ಬೇಸಿಗೆಯಷ್ಟು ಬಿಸಿಯಾಗಿದ್ದ ಆ ಕೋಣೆಯಲ್ಲಿ ಉಣ್ಣೆ ಟೋಪಿ ಹಾಕಿಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಒಂದು ಹುಬ್ಬು ಪೆನ್ಸಿಲಿನದು. ಯಾರೂ ನೋಡಲಿಲ್ಲ. ಮುಂದಿನ ಸಲ ತೋರಿಸಿ ಎಂದು ಹೇಳಿ ಡಾಕ್ಟರ್ ಮಾತ್ರೆ ಬರೆದರು.

ಮಾತ್ರೆಗಳು ದೊಡ್ಡ ಹೆಂಗಸಿನ ಲೆಕ್ಕದವು. ಅಮ್ಮ ಅಡಕತ್ತರಿಯಲ್ಲಿ ಅರ್ಧ ಮಾಡಿ ಕೊಡುತ್ತಿದ್ದಳು. ಸರಿಯಾಗಿ ಅರ್ಧವಾಗುತ್ತಿರಲಿಲ್ಲ, ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ. ಬಾಯಿ ಒಣಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ತಲೆ ತಾನಾಗಿ ಡೆಸ್ಕಿನ ಮೇಲೆ ಬೀಳುತ್ತಿತ್ತು. ಕೀಳುವುದು ಮಾತ್ರ ಸ್ವಲ್ಪ ಕಡಿಮೆಯಾಯಿತು ಎಂದು ನನ್ನ ನೆನಪು. ಮಾತ್ರೆಯಿಂದಲೋ, ಡಾಕ್ಟರರ ಪ್ರಶ್ನೆಗೆ ಒಮ್ಮೆ ಬಾಯಿಬಿಟ್ಟು ಉತ್ತರ ಹೇಳಿದ್ದರಿಂದಲೋ ನನಗೆ ಗೊತ್ತಿಲ್ಲ. ಮತ್ತೆ ಆ ಕೋಣೆಗೆ ಹೋಗುವ ದಿನಕ್ಕಾಗಿ ನಾನು ಕಾಯುತ್ತಿದ್ದೆ ಎಂಬುದು ಗೊತ್ತು.

ಆ ದಿನ ಬೆಳಿಗ್ಗೆ ಅಮ್ಮ ತುರುಬು ಬಿಚ್ಚಿ ನನ್ನ ಕಡೆ ಬೆನ್ನು ತಿರುಗಿಸಿ ಕೂತಳು. “ಕಾಣುತ್ತಾ ನೋಡು” ಎಂದಳು.

ಬಲಗಿವಿಯ ಮೇಲೆ ನನ್ನ ಅಂಗೈಯಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಚರ್ಮ ಕೆಂಪಾಗಿ, ಅಲ್ಲಲ್ಲಿ ರಕ್ತದ ಚುಕ್ಕೆ ಕಟ್ಟಿತ್ತು. ಹುಬ್ಬು ತೀಡುವ ಚಿಮುಟ ಬಳಸಿದ್ದಳೇ? ಸ್ನಾನದ ಮನೆಯ ಕಿಟಕಿಯಲ್ಲಿ ಅಪ್ಪನ ಗಡ್ಡದ ಕನ್ನಡಿಯ ಪಕ್ಕ ಚಿಮುಟ ಇದ್ದದ್ದು ನನ್ನ ಕಣ್ಣ ಮುಂದಿದೆ. ಆದರೆ ಆ ಚಿತ್ರ ಅವತ್ತಿನದೋ, ಆಮೇಲೆ ನಾನು ಕಟ್ಟಿಕೊಂಡದ್ದೋ ಹೇಳಲಾರೆ. ಒಂದೇ ಸಲ ಕೂತು ಕಿತ್ತದ್ದೋ, ದಿನಕ್ಕಿಷ್ಟೆಂದು ಕಿತ್ತದ್ದೋ ಅದೂ ಗೊತ್ತಿಲ್ಲ. ನಾನು ಏನನ್ನೂ ಕೇಳಲಿಲ್ಲ. ಅಮ್ಮ ಮಾತ್ರ ಬಸ್ ಸ್ಟಾಪಿನವರೆಗೂ ಹೇಳುತ್ತಿದ್ದಳು: “ನಿನ್ನಿಂದ ನಾನು ಯಾವ ಗತಿಗೆ ಬಂದೆ ನೋಡು. ಕೂದಲು ಹೋದರೆ ಹೋಯ್ತು ಅಂತ ಕೊಟ್ಟೆ. ಇನ್ನೇನು ಬೇಕು ನಿನಗೆ, ಹೇಳು. ಕಣ್ಣು ಬೇಕಾ, ಕಿಡ್ನಿ ಬೇಕಾ?”

ಡಾಕ್ಟರ್ ಪೆನ್ನಿನ ತುದಿಯಿಂದ ಅಮ್ಮನ ಕೂದಲನ್ನು ಸರಿಸಿ ನೋಡಿದರು. ಅಚ್ಛಾ, ಇದು ಸಾಕಷ್ಟಿದೆ ಎಂದರು. ಕಳೆದ ಸಲ ನಕ್ಕಿದ್ದ ವಿದ್ಯಾರ್ಥಿನಿಯನ್ನು ಹತ್ತಿರ ಕರೆದು ತೋರಿಸಿದರು. ಮಾತ್ರೆಯ ಪ್ರಮಾಣವನ್ನು ಜಾಸ್ತಿ ಮಾಡಿದರು. ಅಮ್ಮನ ತಲೆಯ ಗಾಯಕ್ಕೆ ನನ್ನ ಹೊಟ್ಟೆಗೆ ಮಾತ್ರೆ ಜಾಸ್ತಿಯಾಯಿತು.

ಆಮೇಲಿನ ದಿನಗಳು ನನಗೆ ಸರಿಯಾಗಿ ಸಿಗುವುದಿಲ್ಲ, ಮಂಕು ಬೆಳಕಿನಲ್ಲಿ ನಡೆದಂತಿವೆ. ಕೈ ನಡುಗುತ್ತಿತ್ತು. ಬೋರ್ಡ್ ಪರೀಕ್ಷೆಯಲ್ಲಿ ನನ್ನ ಅಕ್ಷರ ನನಗೇ ಓದಲು ಬರುತ್ತಿರಲಿಲ್ಲ. ಹೇಗೋ ಪಾಸಾದೆ. ಆ ದಿನಗಳಲ್ಲಿ ಮಧ್ಯಾಹ್ನ ಟೀವಿಯ ಮುಂದೆ ಕೂತಿದ್ದ ಅಮ್ಮನ ಬಲಗೈ ಕಿವಿಯ ಮೇಲಕ್ಕೆ ಹೋಗಿ ಅಲ್ಲೇ ಆಡುತ್ತಿದ್ದದ್ದನ್ನು ನೋಡಿದೆ. ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಕೈ ಕೆಳಗಿಳಿಸಿ, ಏನು ನೋಡ್ತೀಯ, ಹೇನು ಕಡೀತಿತ್ತು ಎಂದಳು. ಇನ್ನೊಂದು ದಿನವೂ ನೋಡಿದೆ. ಇದನ್ನು ನಾನು ಕಂಡದ್ದು ನಿಜ ಎಂದೇ ಅಂದುಕೊಂಡಿದ್ದೇನೆ. ಮಾತ್ರೆಯ ಮಂಪರಿನಲ್ಲಿದ್ದ ಹುಡುಗಿಯ ಕಣ್ಣು ಎಷ್ಟು ನಿಜ?

ಡಿಸ್ಪೆನ್ಸರಿಯ ಕಿಟಕಿಯವನು ಅಮ್ಮನ ಹೆಸರನ್ನೂ ವಿಭಾಗವನ್ನೂ ಕೂಗಿದ್ದನ್ನು ಮೇಲಿನ ಆಂಟಿಯೂ ಒಂದು ದಿನ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡರು. ಯುಗಾದಿಗೆ ಬೇವು ಬೆಲ್ಲ ಕೊಡಲು ಪ್ರತಿ ವರ್ಷ ಒಳಗೆ ಬಂದು ಕೂರುತ್ತಿದ್ದವರು ಆ ವರ್ಷ ಬಾಗಿಲಲ್ಲೇ ನಿಂತು ಬಟ್ಟಲನ್ನು ಕೈ ಚಾಚಿ ಕೊಟ್ಟರು. ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಮರೆತರು. ಅಮ್ಮ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವಳಂತೆ ಇದ್ದಳು. ನನ್ನ ಮೇಲೆ ಮಾತ್ರ ಲೆಕ್ಕ ಇಟ್ಟುಕೊಂಡಳು. ಹಬ್ಬದ ಊಟಕ್ಕೆ ಕೂತಾಗ ನನ್ನ ಎಲೆಗೆ ಒಬ್ಬಟ್ಟು ಹಾಕದೆ ಮುಂದೆ ಹೋಗಿ, ಮಾತ್ರೆ ತಿನ್ನೋರಿಗೆ ಸಿಹಿ ಬೇಡ ಎಂದಳು. ಅಪ್ಪ ತಮ್ಮ ಎಲೆಯ ಒಬ್ಬಟ್ಟನ್ನು ತಿಂದು ಮುಗಿಸಿ ಇನ್ನೊಂದು ಹಾಕಿಸಿಕೊಂಡರು.

ಬೇಸಿಗೆ ಶುರುವಾದ ಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ಅಮ್ಮನ ಕಿವಿಯ ಮೇಲೆ ಕೂದಲು ಹುಲ್ಲಿನಂತೆ ಚಿಗುರಿತ್ತು. ಡಾಕ್ಟರ್ ಬೆರಳಾಡಿಸಿ ನೋಡಿ ಖುಷಿಪಟ್ಟರು, ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿಬಿಡೋಣ, ಇನ್ನು ಬರುವ ಅಗತ್ಯವಿಲ್ಲ ಎಂದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ.

“ತುಂಬ ಉಪಕಾರವಾಯ್ತು, ನನಗೀಗ ಪೂರ್ತಿ ವಾಸಿ ಅನ್ನು” ಎಂದಳು ಅಮ್ಮ.

ಅವತ್ತು ನನ್ನ ತಲೆಗೆ ದುಪಟ್ಟಾ ಸುತ್ತಿತ್ತು. ಒಳಗೆ ಪೂರಿಯಷ್ಟಿದ್ದದ್ದು ಇನ್ನೂ ಹಾಗೇ ಇತ್ತು, ಅಂಚಿನಲ್ಲಿ ಸ್ವಲ್ಪ ಚಿಗುರು ಬಂದಿತ್ತು ಅಷ್ಟೆ. ಆ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಮ್ಮನ ಮಾತನ್ನು ಹಿಂದಿ ಮಾಡದೆ ನಾನು ದುಪಟ್ಟಾ ತೆಗೆದೆ.

“ಡಾಕ್ಟರ್ ಸಾಬ್, ಇದು ನನ್ನದು. ಮಾತ್ರೆ ತಿಂದದ್ದು ನಾನು. ಮಮ್ಮಿಗೆ ಏನೂ ಆಗಿಲ್ಲ” ಎಂದು ಹಿಂದಿಯಲ್ಲಿ ಹೇಳಿದೆ. ಇಷ್ಟು ದಿನ ಮಮ್ಮಿ ಮಮ್ಮಿ ಎಂದು ಅಭ್ಯಾಸವಾಗಿ ‘ನಾನು’ ಎನ್ನುವಾಗ ನಾಲಿಗೆ ತೊಡರಿತು.

ಡಾಕ್ಟರ್ ಮೊದಲ ಸಲ ನನ್ನನ್ನು ನೋಡಿದರು. ತಲೆಯನ್ನು ಸ್ವಲ್ಪ ಹೊತ್ತು, ಬೆವರಿಗೆ ಕರಗಿದ್ದ ಹುಬ್ಬನ್ನು ಸ್ವಲ್ಪ ಹೊತ್ತು. ಆಮೇಲೆ ವಿದ್ಯಾರ್ಥಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇದು ನೋಡಿ, ಮಕ್ಕಳು ತಾಯಿಯ ಕಾಯಿಲೆಯನ್ನು ಹೀಗೆ ತಮ್ಮದು ಮಾಡಿಕೊಳ್ಳುತ್ತಾರೆ, ತಾಯಿ ಗುಣವಾದಾಗ ಬಿಟ್ಟುಕೊಡಲು ಒಪ್ಪುವುದಿಲ್ಲ ಎಂದು ಪಾಠ ಹೇಳಿದರು. ನನಗೆ ಇಂಗ್ಲಿಷ್ ಬರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಪರವಾಗಿಲ್ಲ ಎನ್ನಿಸಿತೋ. ಆ ವಿದ್ಯಾರ್ಥಿನಿ ಬರೆದುಕೊಂಡಳು. ನನ್ನ ಕಡೆ ತಿರುಗಿ, ಮಕ್ಕಳನ್ನು ನೋಡುವ ದಿನ ಬೇರೆ, ಶುಕ್ರವಾರ, ನಿನ್ನ ಹೆಸರಿನ ಚೀಟಿ ತಂದರೆ ಅಲ್ಲಿ ನೋಡುತ್ತಾರೆ ಎಂದರು. ಕೊನೆಗೆ ಅಮ್ಮನಿಗೆ, ಕಿವುಡರಿಗೆ ಹೇಳುವಂತೆ ನಿಧಾನವಾಗಿ ಹಿಂದಿಯಲ್ಲಿ ಆ ಪಾಠವನ್ನೇ ಹೇಳಿದರು.

“ಏನಂತಾರೆ?” ಎಂದಳು ಅಮ್ಮ. ದುಪಟ್ಟಾ ತೆಗೆದಾಗಿನಿಂದ ಅವಳ ಮುಖದಲ್ಲಿ ರಕ್ತವಿರಲಿಲ್ಲ.

“ನಿನ್ನನ್ನು ನೋಡಿ ನಾನು ಕಲಿತಿದ್ದಂತೆ.”

ಅಮ್ಮ ನನ್ನ ತಲೆಯನ್ನೊಮ್ಮೆ, ಡಾಕ್ಟರರನ್ನೊಮ್ಮೆ ನೋಡಿದಳು. ಅವಳು ಸತ್ಯ ಹೇಳಿಬಿಡಬಹುದು ಎಂದು ಆ ಗಳಿಗೆಯಲ್ಲಿ ನಾನು ನಂಬಿದೆ. ನನ್ನ ಪ್ರಾಣವೆಲ್ಲ ಅವಳ ಬಾಯಿಯ ಮೇಲಿತ್ತು.

“ಹೌದು ಅನ್ನು” ಎಂದಳು. “ಹೌದು, ನನ್ನಿಂದಲೇ ಬಂದದ್ದು ಅನ್ನು. ಅನ್ನೇ, ಏನು ನೋಡ್ತಾ ನಿಂತಿದ್ದೀಯ?”

ನಾನು ಅನ್ನಲಿಲ್ಲ. ಅಮ್ಮನೇ ಡಾಕ್ಟರರತ್ತ ತಿರುಗಿ ತನ್ನ ತರಕಾರಿಯ ಹಿಂದಿಯಲ್ಲಿ, “ಹಾಂ ಜೀ, ಮೇರೆ ಸೆ, ಮೇರೆ ಸೆ” ಎಂದು ಎದೆ ಮುಟ್ಟಿಕೊಂಡು ಹೇಳಿದಳು. ಡಾಕ್ಟರ್ ತಲೆಯಾಡಿಸಿ, ಇನ್ನು ಮೇಲೆ ಮಗಳ ಮುಂದೆ ಮಾಡಬೇಡಿ ಎಂದು ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು.

ಬಸ್ ಸ್ಟಾಪಿನಲ್ಲಿ ಅಮ್ಮ ನನ್ನ ತಲೆಗೆ ದುಪಟ್ಟಾ ಬಿಗಿದು ಕಟ್ಟಿದಳು, ಕಿವಿ ನೋಯುವಷ್ಟು ಬಿಗಿ. ಶುಕ್ರವಾರ ಬರಲು ಹೇಳಿದ್ದಾರೆ ಎಂದೆ.

“ಯಾರಿಗೆ?”

“ನನಗೆ. ನನ್ನ ಹೆಸರಿನ ಚೀಟಿ ತಂದರೆ—”

“ನನಗೇ ವಾಸಿಯಾಗಿದೆಯಂತೆ, ಇನ್ನು ನಿನಗೇನು ರೋಗ?” ಎಂದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸಿಗೆ ಕನ್ನಡ ತಿಳಿಯುವುದಿಲ್ಲವೆಂದು ಗೊತ್ತಿದ್ದೂ ದನಿ ತಗ್ಗಿಸಿ ಹೇಳಿದಳು.

ಆ ಸಂಜೆ ಅಪ್ಪ ಜಲೇಬಿ ತಂದರು. ಅಮ್ಮನಿಗೆ ವಾಸಿಯಾದದ್ದಕ್ಕೆ. ಶುಕ್ರವಾರದ ವಿಷಯವನ್ನು ನಾನು ಅಪ್ಪನಿಗೂ ಹೇಳಿದೆ. ಅವರು ಬೆರಳಿನ ಪಾಕ ನೆಕ್ಕುತ್ತಾ, ಒಂದು ಮನೆಯಲ್ಲಿ ಒಬ್ಬರಿಗೆ ಸಾಕು ಎಂದರು. ಕೆಲವು ದಿನಗಳ ನಂತರ ಮೇಲಿನ ಆಂಟಿ ಕೋಡುಬಳೆ ತೆಗೆದುಕೊಂಡು ಬಂದರು, ಈ ಸಲ ಒಳಗೆ ಬಂದು ಕೂತರು. ಈಗ ಹೇಗಿದೆ ಎಂದು ಅಮ್ಮನನ್ನು ವಿಚಾರಿಸಿದರು. ನನ್ನ ತಲೆಯ ದುಪಟ್ಟಾದ ಮೇಲೆ ಕಣ್ಣಿಟ್ಟು, ಮರುಕದ ದನಿಯಲ್ಲಿ, “ತಾಯಿಗಿದ್ದರೆ ಮಕ್ಕಳಿಗೂ ಬರುತ್ತಂತಲ್ರೀ. ರಕ್ತದಲ್ಲೇ ಇರುತ್ತಂತೆ. ಇವಳಿಗೆ ಗಂಡು ಹುಡುಕುವಾಗ ಸ್ವಲ್ಪ ದೂರದ ಕಡೆ ನೋಡಿ, ಈ ವಿಷಯ ಗೊತ್ತಿಲ್ಲದೋರು” ಎಂದರು. ಅಮ್ಮ ಕೋಡುಬಳೆ ಮುರಿಯುತ್ತಿದ್ದಳು. ಮುರಿದದ್ದನ್ನು ಮತ್ತೆ ಮುರಿದಳು. ಅವಳು ನನಗಾಗಿ ಹೂಡಿದ್ದೆಲ್ಲ ಏನಾಯಿತು ಎಂದು ಆ ಕ್ಷಣ ಅವಳಿಗೆ ಹೊಳೆದಿರಬೇಕು. ಆಂಟಿ ಹೋದ ಮೇಲೆ ಎಂದೂ ಅವಳು ಆ ಮಾತು ಎತ್ತಲಿಲ್ಲ. ಪುಡಿಯಾದ ಕೋಡುಬಳೆಯನ್ನು ನನ್ನ ತಟ್ಟೆಗೆ ಸುರಿದು, ತಿನ್ನು ಎಂದಳು.

ಕೆಲಸಕ್ಕೆ ಸೇರಿ ನೋಯಿಡಾದಲ್ಲಿ ಬೇರೆ ಕೋಣೆ ಮಾಡಿದ ಮೇಲೆ, ನನ್ನ ಸ್ವಂತ ಹೆಸರಿನಲ್ಲಿ ನಾನು ಮೊದಲ ಸಲ ಅಂಥ ಒಬ್ಬ ಡಾಕ್ಟರರ ಬಳಿಗೆ ಹೋದೆ. ಆ ಹೊತ್ತಿಗೆ ಹುಬ್ಬಿಲ್ಲದೆ ಓಡಾಡುವುದು ನನಗೆ ರೂಢಿಯಾಗಿಹೋಗಿತ್ತು. ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ನನ್ನ ಕಡೆ ನೋಡಿಯೇ ಕೇಳುತ್ತಿದ್ದರು. ಹತ್ತನೇ ತರಗತಿಯಲ್ಲಿ ಶುರುವಾದದ್ದಕ್ಕೆ ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದರು. ಅದಕ್ಕೆ ಏನೋ ಹೇಳಿದೆ. ಕುಟುಂಬದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ಒಂದು ನಿಮಿಷ ಎಂದು ಹೇಳಿ ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ಆಗ ನೀನು ಬೇಕಂತಲೇ ಕಿತ್ತುಕೊಂಡಿದ್ದಾ, ಇಲ್ಲಾ ಆಮೇಲೆ ಕೈ ತಾನಾಗಿ ಹೋಗ್ತಿತ್ತಾ?”

ಕುಕ್ಕರಿನ ಸದ್ದು ಕೇಳಿಸುತ್ತಿತ್ತು. “ಎಲ್ಲಿದ್ದೀಯ ನೀನು?”

“ಆಸ್ಪತ್ರೆಯಲ್ಲಿ.”

“ಯಾರ ಹೆಸರಲ್ಲಿ?”

“ನನ್ನ ಹೆಸರಲ್ಲಿ.”

ಅಮ್ಮ ಕುಕ್ಕರ್ ಆರಿಸಿದಳೆಂದು ಕಾಣುತ್ತದೆ, ಸದ್ದು ನಿಂತಿತು. “ಹಾಗಾದರೆ ನನ್ನ ತಲೆ ಯಾಕೆ ಕೇಳ್ತೀಯ ಈಗ” ಎಂದು ಫೋನ್ ಇಟ್ಟಳು.

ಒಳಗೆ ಹೋಗಿ ಕೂತೆ. ಡಾಕ್ಟರ್ ಪ್ರಶ್ನೆಯನ್ನು ಮತ್ತೆ ಕೇಳಿದರು. ಗೊತ್ತಿಲ್ಲ ಎಂದೆ. ಅವರು ಸಮಾಧಾನದಿಂದಲೇ, ನೆನಪಿಸಿಕೊಳ್ಳಿ, ಇತ್ತೋ ಇಲ್ಲವೋ ಎಂದು ಹೇಳಿದರೆ ಸಾಕು ಎಂದರು.

“ಹೌದು” ಎಂದೆ. “ಅಮ್ಮನಿಗೆ.”